ಪೇಪರ್ ಓದಿಸಬೇಕೋ, ಫೋನ್ ಕಿತ್ತುಕೊಳ್ಳಬೇಕೋ? ಕೊಡಗಿನ ಮಕ್ಕಳ ಓದಿನ ಲೆಕ್ಕಾಚಾರ

2025ರ ಕೊನೆಯ ಎರಡು ತಿಂಗಳಲ್ಲಿ ಮೂರು ಸುದ್ದಿಗಳು ಬೆನ್ನುಬೆನ್ನಿಗೆ ಬಂದವು. ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯ ನಿಯಮಗಳನ್ನು ಹೊರಡಿಸಿತು. ಡಿಸೆಂಬರ್ 10ರಂದು ಆಸ್ಟ್ರೇಲಿಯದಲ್ಲಿ 16 ವರ್ಷದೊಳಗಿನವರು ಸೋಷಿಯಲ್ ಮೀಡಿಯಾ ಖಾತೆ ಇಟ್ಟುಕೊಳ್ಳುವಂತಿಲ್ಲ ಎಂಬ ಕಾನೂನು ಜಾರಿಗೆ ಬಂತು. ಅದೇ ತಿಂಗಳ ಕೊನೆಯಲ್ಲಿ ಉತ್ತರ ಪ್ರದೇಶ ಸರ್ಕಾರ, ಶಾಲೆಯ ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಹತ್ತು ನಿಮಿಷ ಪತ್ರಿಕೆ ಓದಿಸಬೇಕು ಎಂದು ಆದೇಶ ಮಾಡಿತು.

ಮೂರೂ ಸುದ್ದಿ ವಾಟ್ಸಾಪ್‌ನಲ್ಲಿ ಕಲಸಿಹೋಗಿ ಒಂದೇ ಸುದ್ದಿಯಾದವು. ಹದಿನಾರರ ಒಳಗಿನ ಮಕ್ಕಳಿಗೆ ಫೋನ್ ಬಂದ್ ಅಂತೆ, ಇನ್ನು ಪೇಪರ್ ಕಡ್ಡಾಯ ಅಂತೆ ಎಂಬ ಮಾತು ಎಲ್ಲ ಕಡೆ ಹರಿದಾಡಿತು. ಕೊಡಗಿನ ಪೋಷಕರ ಗೊಂದಲ ಇನ್ನೂ ಒಂದು ಕೈ ಜಾಸ್ತಿ. ಮಕ್ಕಳ ಕೈಗೆ ಫೋನ್ ಕೊಡಬೇಡಿ ಎಂದು ಪೋಷಕರ ಸಭೆಯಲ್ಲಿ ಹೇಳುತ್ತಾರೆ. ಸಂಜೆ ಹೋಮ್‌ವರ್ಕ್ ಮಾತ್ರ ಅದೇ ಫೋನಿನ ಕ್ಲಾಸ್ ಗ್ರೂಪಿಗೆ ಬರುತ್ತದೆ. ಹಾಗಾದರೆ ಏನು ಮಾಡಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಒಂದು ಮಾತು ಒಪ್ಪಿಕೊಂಡರೆ ಮುಂದಿನದು ಸುಲಭ. ಮಕ್ಕಳು ಏನು ಓದುತ್ತಾರೆ, ಏನು ನೋಡುತ್ತಾರೆ ಎನ್ನುವುದು ಅವರ ಗುಣಕ್ಕಿಂತ ಹೆಚ್ಚಾಗಿ, ಯಾವ ಹೊತ್ತಿಗೆ ಯಾವ ಭಾಷೆಯಲ್ಲಿ ಯಾವುದು ಕೈಗೆ ಸಿಗುತ್ತದೆ ಎನ್ನುವುದರ ಮೇಲೆ ನಿಂತಿದೆ. ಕೊಡಗಿನಲ್ಲಿ ಫೋನ್ ಕೈಗೆ ಸಿಗುತ್ತದೆ. ಪೇಪರು, ಪುಸ್ತಕ ಸಿಗುವುದು ಕಷ್ಟ.

ಮೂರು ಸುದ್ದಿ, ಮೂರು ಬೇರೆ ವಿಷಯ

ಮೊದಲು ಗಂಟು ಬಿಡಿಸೋಣ. ಆಸ್ಟ್ರೇಲಿಯದ ಕಾನೂನು ಫೋನ್ ಮೇಲೆ ಅಲ್ಲ, ಖಾತೆಯ ಮೇಲೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಯೂಟ್ಯೂಬ್, ಸ್ನ್ಯಾಪ್‌ಚಾಟ್ ಇಂಥವುಗಳಲ್ಲಿ 16 ತುಂಬದವರ ಹೆಸರಲ್ಲಿ ಖಾತೆ ಇರಬಾರದು. ವಾಟ್ಸಾಪ್ ಈ ಪಟ್ಟಿಯಲ್ಲಿಲ್ಲ. ಖಾತೆ ಇಲ್ಲದೆ ಯೂಟ್ಯೂಬ್ ವಿಡಿಯೊ ನೋಡಿದರೆ ಅದಕ್ಕೂ ಅಡ್ಡಿ ಇಲ್ಲ. ತಪ್ಪಿದರೆ ದಂಡ ಬೀಳುವುದು ಕಂಪನಿಗೆ, 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ. ಮಕ್ಕಳಿಗೂ ಅಪ್ಪ ಅಮ್ಮನಿಗೂ ಶಿಕ್ಷೆ ಇಲ್ಲ.

ಭಾರತದ ದತ್ತಾಂಶ ಕಾಯ್ದೆ 2023ರದ್ದು. ಅದರ ನಿಯಮಗಳು ಬಂದದ್ದು 2025ರಲ್ಲಿ. ಇದು ಯಾರನ್ನೂ ಯಾವ ಆ್ಯಪ್‌ನಿಂದಲೂ ಹೊರಗೆ ಹಾಕುವುದಿಲ್ಲ. 18 ವರ್ಷದೊಳಗಿನವರನ್ನೆಲ್ಲ ಮಕ್ಕಳು ಎಂದು ಎಣಿಸುತ್ತದೆ. ಅವರ ಮಾಹಿತಿ ತೆಗೆದುಕೊಳ್ಳಬೇಕಾದರೆ ಪೋಷಕರ ಒಪ್ಪಿಗೆ ಬೇಕು, ಆ ಒಪ್ಪಿಗೆ ನಿಜವಾದದ್ದೇ ಎಂದು ಕಂಪನಿ ಖಚಿತ ಮಾಡಿಕೊಳ್ಳಬೇಕು. ಮಕ್ಕಳು ಏನು ನೋಡುತ್ತಾರೆ ಎಂದು ಬೆನ್ನುಹತ್ತುವಂತಿಲ್ಲ, ಅದನ್ನು ನೋಡಿಕೊಂಡು ಅವರಿಗೆಂದೇ ಜಾಹೀರಾತು ತೋರಿಸುವಂತಿಲ್ಲ. ದಂಡ 200 ಕೋಟಿ ರೂಪಾಯಿವರೆಗೆ ಹೋಗಬಹುದು. ಆದರೆ ಮುಖ್ಯ ನಿಯಮಗಳಿಗೆ ಹದಿನೆಂಟು ತಿಂಗಳ ಗಡುವು ಇದೆ. ಅಂದರೆ 2027ರ ಮೇ ಹೊತ್ತಿಗೆ ಇದರ ಬಿಸಿ ತಟ್ಟುತ್ತದೆ.

ವಯಸ್ಸಿನ ಮಿತಿಯ ಮಾತು ಕರ್ನಾಟಕಕ್ಕೆ ಹೊಸದೇನೂ ಅಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ವಿಚಾರಣೆಯ ನಡುವೆ, ಮದ್ಯಕ್ಕೆ ವಯಸ್ಸಿನ ಮಿತಿ ಇರುವ ಹಾಗೆ ಸೋಷಿಯಲ್ ಮೀಡಿಯಾಕ್ಕೂ ಇದ್ದರೆ ಒಳ್ಳೆಯದು ಎಂದು ಬಾಯಿಮಾತಿನಲ್ಲಿ ಹೇಳಿತ್ತು. ಅದು ಆದೇಶ ಅಲ್ಲ, ಅಭಿಪ್ರಾಯ.

ಇನ್ನು ಉತ್ತರ ಪ್ರದೇಶದ್ದು. ಅದು ಆ ರಾಜ್ಯದ ಶಾಲೆಗಳಿಗೆ ಹೊರಡಿಸಿದ ಆದೇಶ. ಪತ್ರಿಕೆಯ ಮುಖ್ಯ ಸುದ್ದಿಗಳನ್ನು ಮಕ್ಕಳೇ ಸರದಿಯಲ್ಲಿ ಗಟ್ಟಿಯಾಗಿ ಓದಬೇಕು, ಕಷ್ಟದ ಐದು ಪದಗಳನ್ನು ಬೋರ್ಡಿನ ಮೇಲೆ ಬರೆಯಬೇಕು ಎನ್ನುವುದು ಅದರ ತಿರುಳು.

ಹೀಗೆ ಒಂದು ಕಂಪನಿಗೆ ಹೇಳುತ್ತದೆ, ಒಂದು ಮಾಹಿತಿಯ ಬಗ್ಗೆ ಹೇಳುತ್ತದೆ, ಮತ್ತೊಂದು ಶಾಲೆಗೆ ಹೇಳುತ್ತದೆ. ಓದಿನ ಅಭ್ಯಾಸಕ್ಕೆ ನೇರವಾಗಿ ಕೈ ಹಾಕುವುದು ಕೊನೆಯದು ಮಾತ್ರ.

2020: ಫೋನು ಪಾಠಪುಸ್ತಕವಾದ ವರ್ಷ

ಮಕ್ಕಳು ಫೋನಿಗೆ ಅಂಟಿಕೊಂಡರು ಎಂದು ಬೈಯುವಾಗ ಒಂದು ವರ್ಷವನ್ನು ನಾವು ಮರೆತುಬಿಡುತ್ತೇವೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಶಾಲೆ ಮುಚ್ಚಿತು. ಜುಲೈನಲ್ಲಿ ಚಂದನ ವಾಹಿನಿಯಲ್ಲಿ ಪಾಠ ಶುರುವಾಯಿತು. ಆಗಸ್ಟ್‌ನಲ್ಲಿ, ಮಕ್ಕಳಿದ್ದಲ್ಲಿಗೇ ಪಾಠ ಒಯ್ಯುವ ಸರ್ಕಾರದ ವಿದ್ಯಾಗಮ ಯೋಜನೆ ಬಂತು. ಮೇಷ್ಟ್ರುಗಳು ವಾಟ್ಸಾಪ್ ಗ್ರೂಪ್ ಮಾಡಿ ಪಾಠ, ಪ್ರಶ್ನೆ ಕಳಿಸಲು ತೊಡಗಿದರು. ಫೋನ್ ಇಲ್ಲದ ಮನೆಯವರು ಸಾಲ ಮಾಡಿಯಾದರೂ ಒಂದು ತಂದರು. ಅದನ್ನು ಮಕ್ಕಳ ಕೈಗೆ ಕೊಟ್ಟವರು ದೊಡ್ಡವರೇ. ಕೊಡಿ ಎಂದು ಹೇಳಿದ್ದು ಶಾಲೆಯೇ.

ಅದೇ ತಿಂಗಳುಗಳಲ್ಲಿ ಇನ್ನೊಂದು ಕಡೆ ಏನು ನಡೆಯಿತು ನೋಡಿ. ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಖಾಲಿಯಾದ ಜಾಗ ಹಿಡಿಯಲು ಜುಲೈನಲ್ಲಿ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ಬಿಟ್ಟಿತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಡೇಟಾ ಅಂತೂ 2016ರಲ್ಲಿ ಜಿಯೊ ಬಂದಾಗಿನಿಂದಲೇ ಅಗ್ಗವಾಗಿತ್ತು. ಪಾಠಕ್ಕೆಂದು ಫೋನು ಕೈಗೆ ಬಂದ ದಿನಗಳಲ್ಲೇ, ಅರ್ಧ ನಿಮಿಷದ ವಿಡಿಯೊಗಳೂ ಅದೇ ಫೋನಿಗೆ ಬಂದು ಕೂತವು. ಯಾರೂ ಸಂಚು ಮಾಡಿದ್ದಲ್ಲ, ಕಾಲ ಕೂಡಿ ಬಂತು ಅಷ್ಟೆ.

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ತಿರುವು ಇತ್ತು. ಗುಡ್ಡಗಾಡು, ಕಾಡು, ಅಲ್ಲೊಂದು ಇಲ್ಲೊಂದು ಟವರ್. ಸಿಗ್ನಲ್ ಹುಡುಕಿಕೊಂಡು ಮಕ್ಕಳು ದಿಬ್ಬ ಹತ್ತಿದರು, ರಸ್ತೆ ಬದಿಯಲ್ಲಿ ಕೊಡೆ ಹಿಡಿದು ಕೂತರು. ಸೋಮವಾರಪೇಟೆ ಕಡೆಯ ಮುಳ್ಳೂರಿನಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಅಲ್ಲಿಂದ ಪಾಠ ಮಾಡಿದ್ದು 2021ರಲ್ಲಿ ದೇಶಕ್ಕೆಲ್ಲ ಸುದ್ದಿಯಾಯಿತು. ಅಷ್ಟು ಕಷ್ಟಪಟ್ಟು ಹಿಡಿದ ಸಿಗ್ನಲ್ಲು ಪಾಠ ಮುಗಿದ ಮೇಲೂ ಇರುತ್ತದಲ್ವಾ? ಶಾಲೆ ಮತ್ತೆ ತೆರೆಯಿತು. ಗ್ರೂಪ್ ಮಾತ್ರ ಹಾಗೇ ಉಳಿಯಿತು. ಹಾಗಾಗಿ ಇವತ್ತಿಗೂ ಸಂಜೆ ಆರರ ನಂತರ ಮಕ್ಕಳು ಫೋನ್ ಕೇಳಲು ಒಂದು ನ್ಯಾಯವಾದ ಕಾರಣ ಇದೆ.

ಅಂಕಿ ಏನು ಹೇಳುತ್ತದೆ

ಅಸರ್ ಎಂಬ ಸಮೀಕ್ಷೆ ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಓದು, ಲೆಕ್ಕ ನೋಡುತ್ತದೆ. 2024ರ ವರದಿಯಲ್ಲಿ 14ರಿಂದ 16ರ ಮಕ್ಕಳ ಫೋನ್ ಬಳಕೆಯನ್ನೂ ಕೇಳಿದರು. ಇದು ಕೊಡಗಿಗೆ ಸೀಮಿತವಾದ ಲೆಕ್ಕವಲ್ಲ, ಇಡೀ ಗ್ರಾಮೀಣ ಭಾರತದ್ದು. ಆದರೂ ದಿಕ್ಕು ತಿಳಿಯಲು ಸಾಕು.

ಹತ್ತರಲ್ಲಿ ಒಂಬತ್ತು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಶೇ 82ರಷ್ಟು ಮಕ್ಕಳಿಗೆ ಅದನ್ನು ಬಳಸಲು ಬರುತ್ತದೆ. ಬಳಸಲು ಬಲ್ಲವರಲ್ಲಿ ಶೇ 57 ಮಂದಿ ಹಿಂದಿನ ವಾರ ಓದಿಗೆ ಸಂಬಂಧಿಸಿದ ಏನಾದರೊಂದಕ್ಕೆ ಅದನ್ನು ಬಳಸಿದ್ದರು. ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76. ಪತ್ರಿಕೆಗಳು ಈ 76ನ್ನು ಹೆಡ್‌ಲೈನ್ ಮಾಡಿದವು. ನನಗೆ ಕಣ್ಣಿಗೆ ಬೀಳುವುದು 57. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಅದೇ ಫೋನಿನಲ್ಲಿ ಓದಿಗೂ ಕೈ ಹಾಕುತ್ತಿದ್ದಾರೆ. ಲೆಕ್ಕ ಹಾಕಿದರೆ ಕನಿಷ್ಠ ಶೇ 33 ಮಕ್ಕಳು ಎರಡೂ ಗುಂಪಿನಲ್ಲಿ ಇದ್ದಾರೆ.

ಇನ್ನೊಂದು ಅಂಕಿ ಇದಕ್ಕಿಂತ ಮುಖ್ಯ. ಫೋನ್ ಬಳಸಬಲ್ಲ ಹದಿನಾಲ್ಕರ ಮಕ್ಕಳಲ್ಲಿ ಸ್ವಂತ ಫೋನ್ ಇರುವುದು ಶೇ 27 ಮಂದಿಗೆ. ಹದಿನಾರಕ್ಕೆ ಬಂದಾಗ ಶೇ 38ರ ಹತ್ತಿರ. ಉಳಿದವರೆಲ್ಲ ಬಳಸುವುದು ಅಪ್ಪನದೋ ಅಮ್ಮನದೋ ಅಣ್ಣನದೋ ಫೋನು. ಸ್ವಂತ ಫೋನ್ ಇರುವ ಹುಡುಗರು ಶೇ 36, ಹುಡುಗಿಯರು ಶೇ 27. ಈ ಎರಡು ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅದೇ ವರದಿ ಹೇಳುವ ಪ್ರಕಾರ ದೇಶದ ಸರ್ಕಾರಿ ಶಾಲೆಗಳಲ್ಲಿ ಐದನೇ ಕ್ಲಾಸಿನ ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲವರು ಶೇ 44.8 ಮಾತ್ರ. ಸರಾಗವಾಗಿ ಓದಲು ಬಾರದ ಮಗು ಸುಖಕ್ಕಾಗಿ ಪುಸ್ತಕ ಹಿಡಿಯುವುದಿಲ್ಲ. ಒಂದು ಸಾಲು ಓದಲು ಅರ್ಧ ನಿಮಿಷ ಬೇಕಾದರೆ ಕಥೆ ಎಲ್ಲಿ ದಕ್ಕುತ್ತದೆ? ಅಂಥ ಮಗುವಿಗೆ ಕಥೆ ಬೇಕಾದರೆ ವಿಡಿಯೊ ಒಂದೇ ದಾರಿ. ಅದನ್ನು ಚಟ ಎನ್ನುವುದಕ್ಕಿಂತ ಅನಿವಾರ್ಯ ಎನ್ನುವುದು ಸರಿ.

ಕೊಡಗು ಪರೀಕ್ಷೆಯಲ್ಲಿ ಹಿಂದೆ ಬಿದ್ದ ಜಿಲ್ಲೆಯೇನಲ್ಲ. 2025ರ ದ್ವಿತೀಯ ಪಿಯುಸಿಯಲ್ಲಿ ಶೇ 83.84 ತೆಗೆದು ಉಡುಪಿ, ದಕ್ಷಿಣ ಕನ್ನಡ, ಬೆಂಗಳೂರು ದಕ್ಷಿಣದ ನಂತರ ನಾಲ್ಕನೇ ಸ್ಥಾನದಲ್ಲಿತ್ತು. ಆದರೆ ಪರೀಕ್ಷೆಗೆ ಓದುವುದು ಬೇರೆ, ಸುಮ್ನೆ ಓದುವುದು ಬೇರೆ. ಮೊದಲನೆಯದಕ್ಕೆ ಗೈಡು, ಜೆರಾಕ್ಸ್ ನೋಟ್ಸು, ಪಿಡಿಎಫ್ ಸಾಕು. ಎರಡನೆಯದಕ್ಕೆ ಬೇಕಾದ್ದು ಮನೆಯ ಹತ್ತಿರ ಇಲ್ಲ.

ಪೇಪರ್ ಘಾಟಿ ಹತ್ತಿ ಬರಬೇಕು

ಕೊಡಗಿನ ಭೂಗೋಳ ಇಲ್ಲಿ ದೊಡ್ಡ ಪಾತ್ರ ಮಾಡುತ್ತದೆ. ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಜನಸಂಖ್ಯೆ ಐದೂವರೆ ಲಕ್ಷ. ಚದರ ಕಿಲೋಮೀಟರಿಗೆ 135 ಜನ. ಇಡೀ ರಾಜ್ಯದ ಸರಾಸರಿ 319. ಬಯಲುಸೀಮೆಯ ಹಾಗೆ ಮನೆಗಳು ಒತ್ತೊತ್ತಾಗಿ ಇಲ್ಲ. ಒಂದು ಮನೆ ಈ ತೋಟದಲ್ಲಿ, ಇನ್ನೊಂದು ಗದ್ದೆ ದಾಟಿ ಆ ಕಡೆಯ ತೋಟದಲ್ಲಿ. ಸೈಕಲ್ ಮೇಲೆ ಬಂದು ಗೇಟಿನೊಳಗೆ ಪೇಪರ್ ಎಸೆದು ಹೋಗುವ ಹುಡುಗ ಮಡಿಕೇರಿ, ವಿರಾಜಪೇಟೆ, ಕುಶಾಲನಗರದಂಥ ಪೇಟೆಯಲ್ಲಿ ಸಿಕ್ಕಾನು. ಹಳ್ಳಿಯಲ್ಲಿ ಪೇಪರ್ ಬರುವುದು ಬಸ್ಸಿನಲ್ಲಿ, ಇಳಿಯುವುದು ಜಂಕ್ಷನ್ ಅಂಗಡಿಯಲ್ಲಿ. ಬೇಕಾದವರು ಹೋಗಿ ತರಬೇಕು.

ರಾಜ್ಯಮಟ್ಟದ ಪತ್ರಿಕೆಗಳು ಬೇರೆ ಊರಿನಲ್ಲಿ ಅಚ್ಚಾಗಿ ರಾತ್ರೋರಾತ್ರಿ ವ್ಯಾನಿನಲ್ಲಿ ಬರುತ್ತವೆ. ಮಳೆಗಾಲದಲ್ಲಿ ಮರ ಬಿದ್ದರೆ, ಮಣ್ಣು ಕುಸಿದರೆ ಆ ದಿನದ ಪೇಪರ್ ಮಧ್ಯಾಹ್ನಕ್ಕೆ. 2018ರ ಆಗಸ್ಟ್‌ನ ಭೂಕುಸಿತದ ನಂತರ ಮಂಗಳೂರು ಕಡೆಗೆ ಇಳಿಯುವ ಮಡಿಕೇರಿ–ಸಂಪಾಜೆ ರಸ್ತೆ ವಾರಗಟ್ಟಲೆ ಬಂದ್ ಆಗಿತ್ತು. ಆ ದಿನಗಳಲ್ಲಿ ಸುದ್ದಿ ಎಂದರೆ ವಾಟ್ಸಾಪ್ ಸುದ್ದಿಯೇ. ಅದರಲ್ಲಿ ನಿಜ ಎಷ್ಟು, ಗಾಳಿಮಾತು ಎಷ್ಟು ಎಂದು ಜನ ಪರದಾಡಿದರು.

ಇದಕ್ಕೆ ಎರಡು ಅಪವಾದಗಳಿವೆ. ಒಂದು, 1957ರಿಂದ ಮಡಿಕೇರಿಯಿಂದಲೇ ಹೊರಡುತ್ತಿರುವ ‘ಶಕ್ತಿ’ ದಿನಪತ್ರಿಕೆ. ಇನ್ನೊಂದು, ಆಕಾಶವಾಣಿಯ ಮಡಿಕೇರಿ ಕೇಂದ್ರ. ಕನ್ನಡದ ಜೊತೆ ಕೊಡವರ ಮಾತಾದ ಕೊಡವ ತಕ್ಕ್‌ನಲ್ಲೂ ಗೌಡರ ಮನೆಮಾತಾದ ಅರೆಭಾಷೆಯಲ್ಲೂ ಅಲ್ಲಿ ಕಾರ್ಯಕ್ರಮ ಬರುತ್ತದೆ. ಕರೆಂಟ್ ಹೋಗಿ, ಟವರ್ ಸತ್ತು ಮಲಗಿದ ದಿನ ಬ್ಯಾಟರಿ ರೇಡಿಯೊ ಒಂದೇ ಮಾತಾಡುತ್ತದೆ. ಮಕ್ಕಳ ಮಾಧ್ಯಮದ ಚರ್ಚೆಯಲ್ಲಿ ರೇಡಿಯೊ ಹೆಸರು ಯಾರೂ ಎತ್ತುವುದಿಲ್ಲ, ಯಾಕೋ.

ಸ್ಥಳೀಯ ಪತ್ರಿಕೆಯಲ್ಲಿ ಏನಿರುತ್ತದೆ? ಮಳೆ ಎಷ್ಟು ಇಂಚು, ಯಾವ ಊರಿಗೆ ಆನೆ ಬಂತು, ಕಾಫಿ ರೇಟು, ಸಾವಿನ ಸುದ್ದಿ, ಶಾಲೆಯ ವಾರ್ಷಿಕೋತ್ಸವ. ಬೇಸಿಗೆಯಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಹಬ್ಬದಲ್ಲಿ 360 ತಂಡಗಳು ಆಡಿ ಗಿನ್ನೆಸ್ ದಾಖಲೆ ಆಯಿತು. ನಮ್ಮ ಮನೆಹೆಸರಿನ ತಂಡ ಗೆದ್ದಿತೋ ಸೋತಿತೋ ಎಂದು ನೋಡಲು ಮಕ್ಕಳು ಸಣ್ಣ ಅಕ್ಷರದ ಪಟ್ಟಿಯನ್ನೂ ಬಿಡದೆ ಓದಿಬಿಡುತ್ತಾರೆ. ಓದುವ ಮನಸ್ಸಿಲ್ಲ ಎನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ತಮಗೆ ಸಂಬಂಧಪಟ್ಟದ್ದು ಅಚ್ಚಿನಲ್ಲಿ ಇದ್ದರೆ ಓದುತ್ತಾರೆ.

ಮನೆಮಾತು ಒಂದು, ಓದುವ ಮಾತು ಇನ್ನೊಂದು

ಬೆಂಗಳೂರಿನಲ್ಲಿ ಕೂತು ಓದಿನ ಬಗ್ಗೆ ಬರೆಯುವವರಿಗೆ ಹೊಳೆಯದ ಸಂಗತಿ ಇದು. ಕೊಡಗಿನ ಒಂದು ಸಾಮಾನ್ಯ ತರಗತಿ ತೆಗೆದುಕೊಳ್ಳಿ. ಒಬ್ಬಳ ಮನೆಯಲ್ಲಿ ಕೊಡವ ತಕ್ಕ್. ಪಕ್ಕದವನ ಮನೆಯಲ್ಲಿ ಅರೆಭಾಷೆ. ಹಿಂದಿನ ಬೆಂಚಿನಲ್ಲಿ ಮಲಯಾಳ, ತುಳು, ಬ್ಯಾರಿ. ತೋಟದ ಕಾರ್ಮಿಕರ ಲೈನ್‌ಮನೆಯ ಮಕ್ಕಳು ತಮಿಳು, ಇಲ್ಲವೆ ಎರವರ, ಕುರುಬರ ಮಾತು ಆಡುತ್ತಾರೆ. ಇತ್ತೀಚೆಗೆ ಅಸ್ಸಾಂ ಕಡೆಯಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಇವರಲ್ಲಿ ಬಹಳ ಮಕ್ಕಳಿಗೆ ಕನ್ನಡ ಎರಡನೇ ಭಾಷೆ. ಇಂಗ್ಲಿಷ್ ಮೀಡಿಯಂ ಆದರೆ ಓದುವ ಭಾಷೆ ಮೂರನೆಯದು.

ಪತ್ರಿಕೆಯ ಕನ್ನಡ ಈ ಮಕ್ಕಳಿಗೆ ಇನ್ನೂ ದೂರ. ‘ಸಚಿವ ಸಂಪುಟದ ಅನುಮೋದನೆ’, ‘ಮೇಲ್ಮನವಿ ವಜಾ’ ಎಂದು ಓದಿದರೆ ಬಾಯಿಗೆ ಬರುತ್ತದೆ, ತಲೆಗೆ ಹೋಗುವುದಿಲ್ಲ. ಫೋನಿನ ವಿಡಿಯೊ ಹಾಗಲ್ಲ. ಕೊಡವ ತಕ್ಕ್‌ನಲ್ಲಿ ಹಾಡು, ಅರೆಭಾಷೆಯಲ್ಲಿ ತಮಾಷೆ, ಮಲಯಾಳದಲ್ಲಿ ಅಡುಗೆ, ಎಲ್ಲವೂ ಮನೆಮಾತಿನಲ್ಲೇ ಸಿಗುತ್ತವೆ. 2011ರ ಜನಗಣತಿಯಲ್ಲಿ ಕೊಡವ ತಕ್ಕ್ ನನ್ನ ಮಾತು ಎಂದವರು 1,13,857 ಮಂದಿ. ಇಷ್ಟು ಸಣ್ಣ ಭಾಷೆಗೆ ಮಕ್ಕಳ ಮಾಸಪತ್ರಿಕೆ ನಡೆಸಿ ಲಾಭ ಮಾಡುವುದು ಆಗದ ಮಾತು. ವಿಡಿಯೊಗೆ ಅಚ್ಚಿನ ಖರ್ಚಿಲ್ಲ, ಸಾಗಿಸುವ ಖರ್ಚಿಲ್ಲ. ಹಾಗಾಗಿ ಸಣ್ಣ ಭಾಷೆಗಳು ಪುಸ್ತಕದ ಮೆಟ್ಟಿಲು ಹತ್ತದೆ ನೇರ ವಿಡಿಯೊಗೆ ಜಿಗಿದವು.

ಕೊಡವ ಸಾಹಿತ್ಯ ಅಕಾಡೆಮಿ 1994ರಲ್ಲಿ ಆಯಿತು, ಅರೆಭಾಷೆ ಅಕಾಡೆಮಿ 2011ರಲ್ಲಿ. ಎರಡೂ ಪುಸ್ತಕ ತರುತ್ತವೆ, ಕನ್ನಡ ಲಿಪಿಯಲ್ಲೇ. ಕನ್ನಡ ಅಕ್ಷರ ಕಲಿತ ಮಗು ಮನೆಮಾತನ್ನೂ ಓದಬಹುದು. ಇದು ಸಣ್ಣ ಅನುಕೂಲವಲ್ಲ. ಓದಿನ ವೇಗ ಬರುವುದು ಅರ್ಥವಾಗುವ ಮಾತಿನಲ್ಲಿ, ಆ ವೇಗ ಆಮೇಲೆ ಕನ್ನಡಕ್ಕೂ ದಾಟುತ್ತದೆ. ಆದರೆ ಆ ಪುಸ್ತಕಗಳು ಬಿಡುಗಡೆ ಸಮಾರಂಭದಿಂದ ಶಾಲೆಯ ಕಪಾಟಿನವರೆಗೆ ಬರುವ ದಾರಿ ಇನ್ನೂ ಸರಿಯಾಗಿಲ್ಲ.

ಕಾಗದವೇ ಮೇಲೋ?

ಮೇಲೇ, ಆದರೆ ಎಲ್ಲದಕ್ಕೂ ಅಲ್ಲ. 54 ಅಧ್ಯಯನಗಳನ್ನು, ಒಟ್ಟು ಒಂದು ಲಕ್ಷ ಎಪ್ಪತ್ತು ಸಾವಿರದಷ್ಟು ಓದುಗರನ್ನು ಸೇರಿಸಿ ನೋಡಿದ ವಿಶ್ಲೇಷಣೆಯೊಂದು 2018ರಲ್ಲಿ ಪ್ರಕಟವಾಯಿತು. ಮಾಹಿತಿಯ ಬರಹವನ್ನು ಪರದೆಯ ಮೇಲೆ ಓದಿದವರಿಗಿಂತ ಕಾಗದದ ಮೇಲೆ ಓದಿದವರಿಗೆ ಚೆನ್ನಾಗಿ ಅರ್ಥವಾಗಿತ್ತು. ಸಮಯದ ಒತ್ತಡ ಇದ್ದರೆ ಅಂತರ ಇನ್ನೂ ಜಾಸ್ತಿ. ಕಥೆ ಓದುವಾಗ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಸ್ವೀಡನ್ ಸರ್ಕಾರ 2023ರಲ್ಲಿ ಮತ್ತೆ ಅಚ್ಚಿನ ಪಠ್ಯಪುಸ್ತಕಗಳಿಗೆ ಹಣ ಹಾಕಲು ಶುರು ಮಾಡಿದ್ದು ಇಂಥದೇ ಯೋಚನೆಯಿಂದ.

ಕಾರಣ ಊಹಿಸುವುದು ಕಷ್ಟವಲ್ಲ. ಪರದೆಯ ಮೇಲೆ ಕಣ್ಣು ಓಡಿಸಿ ರೂಢಿ. ಬೆರಳು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ನಡುವೆ ಮೆಸೇಜ್ ಬಂದು ಇಣುಕುತ್ತದೆ. ಅಂದರೆ ಕಥೆ ಫೋನಿನಲ್ಲಿ ಓದಿದರೂ ನಷ್ಟವಿಲ್ಲ, ಪರೀಕ್ಷೆಯ ಪಾಠ ಪುಸ್ತಕದಲ್ಲಿ ಓದುವುದು ಒಳ್ಳೆಯದು. ನಮ್ಮಲ್ಲಿ ನಡೆಯುತ್ತಿರುವುದು ಇದರ ಉಲ್ಟಾ. ನೋಟ್ಸ್ ಪಿಡಿಎಫ್‌ನಲ್ಲಿ ಬರುತ್ತದೆ, ಕಥೆ ಮಾತ್ರ ಪುಸ್ತಕದಲ್ಲೇ ಓದು ಎಂದು ಬುದ್ಧಿ ಹೇಳುತ್ತೇವೆ.

ನಿಷೇಧ ಬಂದರೆ ಏನಾದೀತು

ಆಸ್ಟ್ರೇಲಿಯದಂಥ ನಿಷೇಧ ಇಲ್ಲಿಗೂ ಬೇಕು ಎನ್ನುವವರ ವಾದದಲ್ಲಿ ಹುರುಳಿದೆ. ರೀಲ್ಸ್ ಮಾಡಿರುವುದೇ ಬಿಡಲಾಗದ ಹಾಗೆ. ಒಬ್ಬ ಅಮ್ಮ, ಒಬ್ಬ ಅಪ್ಪ ಮನೆಯಲ್ಲಿ ನಿಂತು ಅಷ್ಟು ದೊಡ್ಡ ಕಂಪನಿಯ ಜೊತೆ ಗುದ್ದಾಡಲು ಆಗುವುದಿಲ್ಲ. ಎಲ್ಲ ಮಕ್ಕಳಿಗೂ ಒಟ್ಟಿಗೆ ಇಲ್ಲ ಎಂದರೆ, ನನಗೊಬ್ಬನಿಗೇ ಇಲ್ಲ ಎಂಬ ಜಗಳವಾದರೂ ತಪ್ಪುತ್ತದೆ. ಬೇಡ ಎನ್ನುವವರು, ಮಕ್ಕಳು ಕದ್ದು ನೋಡುವುದು ಶುರುವಾಗುತ್ತದೆ, ವಯಸ್ಸು ಪರಿಶೀಲಿಸುವ ನೆಪದಲ್ಲಿ ಎಲ್ಲರ ಗುರುತಿನ ಚೀಟಿ ಕಂಪನಿಗಳ ಕೈ ಸೇರುತ್ತದೆ ಎನ್ನುತ್ತಾರೆ.

ಎರಡೂ ಕಡೆಯವರು ಸ್ವಂತ ಫೋನು, ಸ್ವಂತ ಖಾತೆ ಇರುವ ಮಗುವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾತಾಡುತ್ತಾರೆ. ಮೇಲಿನ ಅಂಕಿ ನೆನಪಿಸಿಕೊಳ್ಳಿ. ಹಳ್ಳಿಯ ಮಕ್ಕಳಲ್ಲಿ ಹೆಚ್ಚಿನವರು ನೋಡುವುದು ಅಪ್ಪನ ಫೋನಿನಲ್ಲಿ, ಅಪ್ಪನ ಖಾತೆಯಲ್ಲಿ. ಕಂಪನಿಯ ಲೆಕ್ಕದಲ್ಲಿ ಅಲ್ಲಿ ನೋಡುತ್ತಿರುವವರು ನಲವತ್ತೈದು ವರ್ಷದ ಗಂಡಸು. ಹಾಗಾಗಿ ಮಕ್ಕಳಿಗೆ ತೋರಿಸಬಾರದ ಜಾಹೀರಾತೂ ಬರುತ್ತದೆ, ಸಾಲದ ಆ್ಯಪ್ ಬರುತ್ತದೆ, ಬೆಟ್ಟಿಂಗ್ ಬರುತ್ತದೆ, ಅಪ್ಪ ರಾತ್ರಿ ನೋಡಿದ ವಿಡಿಯೊದ ತಮ್ಮ ತಂಗಿಯರೂ ಬರುತ್ತಾರೆ. ಹೊಸ ದತ್ತಾಂಶ ನಿಯಮ ಮಕ್ಕಳಿಗೆ ಕೊಡುವ ರಕ್ಷಣೆ ಯಾವುದೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮಗುವಿನ ಹೆಸರಲ್ಲಿ, ಮಗುವಿನ ವಯಸ್ಸು ಹಾಕಿ ಖಾತೆ ಮಾಡಿಕೊಟ್ಟರೆ ಮಾತ್ರ ಆ ರಕ್ಷಣೆ ಸಿಗುತ್ತದೆ. ನಿಷೇಧ ಬಂದರೆ ಅಂಥ ಖಾತೆಯೇ ಇರುವಂತಿಲ್ಲ. ಫೋನು ಹಂಚಿಕೊಳ್ಳುವ ಮನೆಯಲ್ಲಿ ನಿಷೇಧದ ಪರಿಣಾಮ ತಿರುಗುಮುರುಗು ಆಗಬಹುದು ಎನ್ನುವುದಕ್ಕೆ ಇದೇ ಕಾರಣ.

ಇನ್ನೊಂದು ಪರಿಣಾಮ ಹುಡುಗಿಯರ ಮೇಲೆ. ಈಗಲೇ ಅವರ ಕೈಯಲ್ಲಿ ಫೋನು ಕಡಿಮೆ. ಸರ್ಕಾರವೇ ಬೇಡ ಎಂದಿದೆ ಎಂಬ ಮಾತು ಮನೆಗೆ ಬಂದರೆ ಮೊದಲು ಫೋನ್ ಹೋಗುವುದು ಮಗಳ ಕೈಯಿಂದ. ಮಗ ಗೆಳೆಯರ ಜೊತೆ ಅಂಗಡಿ ಮುಂದೆ ಕೂತು ನೋಡುತ್ತಾನೆ. ಅವಳಿಗೆ ಸ್ಕಾಲರ್‌ಶಿಪ್ ಅರ್ಜಿ, ಕಾಲೇಜು ನೋಟಿಸು, ಸಿಇಟಿ ದಿನಾಂಕ ಎಲ್ಲ ಬರುವುದೂ ಅದೇ ಫೋನಿನಲ್ಲಿ ಎನ್ನುವುದು ಆಗ ಯಾರಿಗೂ ನೆನಪಾಗುವುದಿಲ್ಲ.

ಕೊಡಗಿನಲ್ಲೇ ಫೋನಿಲ್ಲದ ಮಕ್ಕಳ ಲೋಕವೂ ಇದೆ. ಗಾಳಿಬೀಡಿನ ನವೋದಯ, ಕೂಡಿಗೆಯ ಸೈನಿಕ ಶಾಲೆ, ಮೊರಾರ್ಜಿ ವಸತಿ ಶಾಲೆಗಳು, ಗಿರಿಜನ ಆಶ್ರಮ ಶಾಲೆಗಳು. ಹಾಸ್ಟೆಲ್ಲಿನಲ್ಲಿ ಫೋನ್ ಇಲ್ಲ. ಆದರೆ ಇವುಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ಹಾಕುವಂತಿಲ್ಲ. ದೊಡ್ಡ ಗ್ರಂಥಾಲಯ, ಅದಕ್ಕೊಬ್ಬರು ಗ್ರಂಥಪಾಲಕರು, ದಿನಕ್ಕೆ ನಾಲ್ಕಾರು ಪತ್ರಿಕೆ ಇರುವ ಕಡೆ ಫೋನಿಲ್ಲದ ಹೊತ್ತು ಓದಿಗೆ ತಿರುಗುತ್ತದೆ. ಒಂದು ಬೀರು, ಅದಕ್ಕೂ ಬೀಗ ಇರುವ ಕಡೆ ಫೋನಿಲ್ಲದ ಹೊತ್ತು ಬರೀ ಖಾಲಿ ಹೊತ್ತು. ತೆಗೆದ ಜಾಗದಲ್ಲಿ ಏನು ಇಡುತ್ತೀರಿ ಎನ್ನುವುದೇ ಪ್ರಶ್ನೆ.

ಪೇಪರ್ ಕಡ್ಡಾಯ ಮಾಡಿದರೆ?

ಉತ್ತರ ಪ್ರದೇಶದಂಥ ಆದೇಶ ಇಲ್ಲಿಗೂ ಬಂತು ಎಂದುಕೊಳ್ಳೋಣ. ದುಡ್ಡಿನ ಲೆಕ್ಕ ಮೊದಲು. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಒಂದು ಪ್ರಾಥಮಿಕ ಶಾಲೆಯ ಗ್ರಂಥಾಲಯಕ್ಕೆ ವರ್ಷಕ್ಕೆ ಸಿಗುವುದು 5,000 ರೂಪಾಯಿವರೆಗೆ. ಪೇಪರಿಗೆ ಆರು ರೂಪಾಯಿ ಎಂದಿಟ್ಟು, ಶಾಲೆ ನಡೆಯುವ ದಿನ 240 ಎಂದರೂ ಒಂದು ಪೇಪರಿಗೆ 1,440 ರೂಪಾಯಿ. ಎರಡು ಪೇಪರ್ ಹಾಕಿಸಿದರೆ 2,880. ಪುಸ್ತಕದ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಹೋಯಿತು. ಬೇರೆ ಹಣ ಕೊಡದೆ ಆದೇಶ ಮಾತ್ರ ಕೊಟ್ಟರೆ ಪೇಪರ್ ಬರುತ್ತದೆ, ಕಥೆ ಪುಸ್ತಕ ನಿಲ್ಲುತ್ತದೆ.

ಆಮೇಲೆ ಬಸ್ಸು. ಒಂಬತ್ತೂವರೆಯ ಪ್ರಾರ್ಥನೆಗೆ ಪೇಪರ್ ಇರಬೇಕಾದರೆ ಒಂಬತ್ತರ ಬಸ್ಸಿಗೆ ಬರಬೇಕು. ಬರದಿದ್ದ ದಿನ ನಿನ್ನೆಯದನ್ನೇ ಓದುವುದು. ನಿನ್ನೆಯದು ಓದಿದರೆ ತಪ್ಪೇನಿಲ್ಲ, ನಿಜವಾಗಿ. ಆದರೆ ತಪಾಸಣೆಯ ರಿಜಿಸ್ಟರಿನಲ್ಲಿ ಇವತ್ತಿನ ದಿನಾಂಕ ಬರೆಯಬೇಕಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು, ಒಬ್ಬಳು ಓದುತ್ತಾಳೆ, ಎಂಬತ್ತು ಮಂದಿ ನಿಂತು ಕೇಳುತ್ತಾರೆ. ಓದಿದವಳಿಗೆ ಧೈರ್ಯ ಬರುತ್ತದೆ, ಉಚ್ಚಾರ ತಿದ್ದುತ್ತದೆ. ಉಳಿದವರಿಗೆ ಅದು ರೇಡಿಯೊ. ಹಾಗಂತ ಆದೇಶ ಕೆಟ್ಟದ್ದೇನೂ ಅಲ್ಲ. ಹೆಡ್‌ಲೈನ್ ಬಿಟ್ಟು ಜಿಲ್ಲೆಯ ಪುಟದಿಂದ ಒಂದು ಸುದ್ದಿ ಆರಿಸಿ, ತರಗತಿಯಲ್ಲಿ ನಾಲ್ಕು ಮಕ್ಕಳಿಗೆ ಒಂದು ಪುಟ ಎಂದು ಹಂಚಿ, ಆನೆ ಬಂದದ್ದು ಎಲ್ಲಿ, ಹೇಳಿದವರು ಯಾರು, ಅರಣ್ಯ ಇಲಾಖೆ ಏನು ಹೇಳಿತು ಎಂದು ಕೇಳಿದರೆ ಹತ್ತು ನಿಮಿಷ ಸಾರ್ಥಕ. ಅದು ಆದೇಶದಿಂದ ಬರುವುದಲ್ಲ, ಮೇಷ್ಟ್ರಿಂದ ಬರುವುದು.

ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವ ಯುವಕರು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಪಿಡಿಒ, ಎಫ್‌ಡಿಎ, ಕೆಎಎಸ್ ಪರೀಕ್ಷೆಗೆ ಕೂತವರನ್ನು ನೋಡಿ. ಪೆನ್ನು ಹಿಡಿದು ಗೆರೆ ಎಳೆದು ಓದುತ್ತಾರೆ. ಅವರಿಗೆ ಯಾರೂ ಕಡ್ಡಾಯ ಮಾಡಿಲ್ಲ. ಬೇಕು ಎನಿಸಿದೆ, ಓದುತ್ತಾರೆ.

ಮಳೆ ರಜೆಯ ಮೆಸೇಜು

ಮಕ್ಕಳಿಗೆ ಸುದ್ದಿ ಓದಲು ಕಲಿಸಬೇಕು ಎಂದರೆ ಕೊಡಗಿನಲ್ಲಿ ಪಾಠ ಹುಡುಕಿಕೊಂಡು ಹೋಗಬೇಕಿಲ್ಲ. ಜೂನ್, ಜುಲೈನಲ್ಲಿ ಅದಾಗಿಯೇ ಬರುತ್ತದೆ. ರಾತ್ರಿ ಮಳೆ ಜೋರಾದರೆ ನಾಳೆ ರಜೆಯೋ ಎಂದು ಎಲ್ಲರ ಕಣ್ಣು ಫೋನಿನ ಮೇಲೆ. ಜಿಲ್ಲಾಧಿಕಾರಿಗಳ ಆದೇಶ ಎಂದು ಒಂದು ಫೋಟೊ ಬರುತ್ತದೆ. ಅದು ನಿಜವಾದ ಆದೇಶವೇ ಇರಬಹುದು, ಆದರೆ ಹೋದ ವರ್ಷದ್ದು. ಅಥವಾ ಪಕ್ಕದ ಜಿಲ್ಲೆಯದು. ಇಲ್ಲವೇ ಯಾರೋ ತರಲೆ ಹುಡುಗ ದಿನಾಂಕ ತಿದ್ದಿದ್ದು.

ಇದನ್ನು ಹಿಡಿಯುವುದು ಹೇಗೆ? ದಿನಾಂಕ ಮಾತ್ರ ನೋಡಬಾರದು, ದಿನಾಂಕದ ಜೊತೆ ವಾರ ತಾಳೆಯಾಗುತ್ತದಾ ನೋಡಬೇಕು. ಆದೇಶದ ಸಂಖ್ಯೆಯಲ್ಲಿ ವರ್ಷ ಇರುತ್ತದೆ, ತಿದ್ದುವವರು ಅದನ್ನು ಮರೆಯುತ್ತಾರೆ. ಇಡೀ ಜಿಲ್ಲೆಗೋ, ಒಂದು ತಾಲ್ಲೂಕಿಗೋ? ಅಂಗನವಾಡಿ, ಶಾಲೆ, ಪಿಯು ಕಾಲೇಜು, ಯಾವುದಕ್ಕೆ? ಅಕ್ಷರದ ದಪ್ಪ ಒಂದು ಕಡೆ ಮಾತ್ರ ಬೇರೆ ಕಾಣುತ್ತದಾ? ಕೊನೆಗೆ, ಶಾಲೆಯ ಗ್ರೂಪಿನಲ್ಲಿ ಹೆಡ್‌ಮಾಸ್ಟರ್ ಹಾಕಿದ್ದಾರಾ? ಎಂಟನೇ ಕ್ಲಾಸಿನ ಮಕ್ಕಳಿಗೆ ಇಂಥ ಒಂದು ನಿಜ, ಒಂದು ಸುಳ್ಳು ಆದೇಶ ಅಕ್ಕಪಕ್ಕ ಕೊಟ್ಟು ನೋಡಿ. ಎಷ್ಟು ಎಚ್ಚರಿಕೆಯಿಂದ ಓದುತ್ತಾರೆ! ರಜೆಯ ವಿಷಯ ಅಲ್ವಾ. ಪಠ್ಯದಲ್ಲಿ ಮಾಧ್ಯಮ ಸಾಕ್ಷರತೆ ಎಂದು ಅಧ್ಯಾಯ ಬರೆದು ಹೇಳಬೇಕಾದ್ದು ಇಷ್ಟೇ.

ಫೋನ್ ತೆಗೆದುಬಿಟ್ಟರೆ ಈ ಪಾಠ ಮಾಡಲು ಆಗುವುದಿಲ್ಲ. ಹದಿನಾರು ತುಂಬಿದ ದಿನ ಫೋನ್ ಕೈಗೆ ಬಂದಾಗ, ಸುಳ್ಳನ್ನು ಹಿಡಿಯುವ ಅಭ್ಯಾಸ ಇಲ್ಲದೆ ಬರುತ್ತದೆ.

ಗ್ರಂಥಾಲಯ ಎಷ್ಟು ಗಂಟೆಗೆ ತೆರೆಯುತ್ತದೆ?

ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದ್ದು. ಆಸ್ತಿ ತೆರಿಗೆ ಕಟ್ಟುವಾಗ ನೂರು ರೂಪಾಯಿಗೆ ಆರು ರೂಪಾಯಿ ಗ್ರಂಥಾಲಯ ಸೆಸ್ ಎಂದು ನಾವು ಕೊಡುತ್ತೇವೆ. ರಸೀದಿಯಲ್ಲಿ ನೋಡಿದರೆ ಸಿಗುತ್ತದೆ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ರಾಜ್ಯದಲ್ಲಿ ಇಂಥವು ಐದೂವರೆ ಸಾವಿರಕ್ಕೂ ಹೆಚ್ಚು. ಈಗ ಅವುಗಳಿಗೆ ಅರಿವು ಕೇಂದ್ರ ಎಂದು ಹೆಸರು. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ.

ಅಂದರೆ ಕಟ್ಟಡ ಇದೆ, ದುಡ್ಡಿಗೆ ದಾರಿ ಇದೆ, ಸದಸ್ಯತ್ವವೂ ಇದೆ. ಹಾಗಾದರೆ ಮಗು ಯಾಕೆ ಹೋಗುವುದಿಲ್ಲ? ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತಿದ ಮಗು ಸಂಜೆ ಐದೂವರೆಗೆ ಇಳಿಯುತ್ತದೆ. ಆಗ ಗ್ರಂಥಾಲಯಕ್ಕೆ ಬೀಗ ಬಿದ್ದಿದ್ದರೆ, ಮುಂದಿನ ದಾರಿ ಮನೆ, ಮನೆಯಲ್ಲಿ ಫೋನು. ಮಳೆಗಾಲದಲ್ಲಿ ಆರಕ್ಕೇ ಕತ್ತಲು, ಆನೆ ಓಡಾಡುವ ದಾರಿ, ಮನೆಯವರು ಕಳಿಸುವುದೂ ಇಲ್ಲ. ಹಾಗಾಗಿ ಪಂಚಾಯಿತಿ ಕಟ್ಟಡದ ಗ್ರಂಥಾಲಯಕ್ಕಿಂತ ಬಸ್ ಸ್ಟ್ಯಾಂಡ್ ಹತ್ತಿರದ ಕಪಾಟು, ಶಾಲೆಯಿಂದ ಶಾಲೆಗೆ ತಿಂಗಳಿಗೊಮ್ಮೆ ಬದಲಾಗುವ ಐವತ್ತು ಪುಸ್ತಕದ ಪೆಟ್ಟಿಗೆ ಇಲ್ಲಿಗೆ ಜಾಸ್ತಿ ಹೊಂದುತ್ತದೆ. ಪೆಟ್ಟಿಗೆಯಲ್ಲಿ ಕೊಡವ, ಅರೆಭಾಷೆ ಅಕಾಡೆಮಿಗಳ ಪುಸ್ತಕವೂ ಇರಲಿ. ಮಕ್ಕಳು ಮನೆಗೆ ಕೊಂಡುಹೋಗಲಿ, ಹರಿದರೆ ಹರಿಯಲಿ. ಹರಿದ ಪುಸ್ತಕಕ್ಕೆ ಮೇಷ್ಟ್ರ ಸಂಬಳದಿಂದ ಹಿಡಿಯುತ್ತಾರೆ ಎಂಬ ಭಯ ಇರುವವರೆಗೆ ಬೀರುವಿನ ಬೀಗ ತೆರೆಯುವುದಿಲ್ಲ.

ಇದಕ್ಕೆ ವಿಧಾನಸೌಧದ ಕಾನೂನು ಬೇಕಿಲ್ಲ. ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಮಾಡಬೇಕು. ಅಲ್ಲಿ ಸಾಮಾನ್ಯವಾಗಿ ಶೌಚಾಲಯ, ಆಟದ ಮೈದಾನ, ಬಸ್ಸಿನ ಸಮಯದ ಪ್ರಶ್ನೆ ಬರುತ್ತವೆ. ನಮ್ಮ ಅರಿವು ಕೇಂದ್ರ ಸಂಜೆ ಐದೂವರೆಯಿಂದ ಏಳರವರೆಗೆ ಯಾಕೆ ತೆರೆದಿರುವುದಿಲ್ಲ, ಸೆಸ್ ದುಡ್ಡಿನಲ್ಲಿ ಈ ವರ್ಷ ಯಾವ ಪುಸ್ತಕ ಬಂತು ಎಂದು ಒಬ್ಬಳು ಕೇಳಿದರೂ ಅಧ್ಯಕ್ಷರು, ಪಿಡಿಒ ಉತ್ತರ ಹೇಳಬೇಕಾಗುತ್ತದೆ. ಆ ಪ್ರಶ್ನೆ ಸಭೆಯ ನಡಾವಳಿ ಪುಸ್ತಕಕ್ಕೂ ಏರುತ್ತದೆ.